ಹುಲಿಗವ್ವನ ಪಾಳಿ

ನನ್ನ ಹೆಂಡತಿ ದುರ್ಗಾದೇವಿಗೆ ಸಿಟ್ಟು ಬಂದರೆ ಅಡುಗೆಮನೆಯ ಪಾತ್ರೆಗಳಿಗೆಲ್ಲ ಗೊತ್ತಾಗುತ್ತದೆ. ಆದರೆ ಹುಲಿಗವ್ವನ ಮೇಲಿನ ಸಿಟ್ಟಿಗೆ ಸದ್ದೇ ಇರಲಿಲ್ಲ. ಅದಕ್ಕೇ ನನಗೆ ಭಯವಾಗುತ್ತಿತ್ತು.

ಮುನಿರಾಬಾದಿನಲ್ಲಿ ನಮ್ಮ ಕ್ರೈಸ್ತ ಸಭೆ ದೊಡ್ಡದೇನಲ್ಲ. ತಗಡಿನ ಚಾವಣಿಯ ಒಂದು ಕೋಣೆ, ಬೆರಳೆಣಿಕೆಯ ಮನೆಗಳು. ತಿಂಗಳ ಮೊದಲ ಭಾನುವಾರ ಯೇಸುವಿನ ನೆನಪಿನ ಕರ್ತನ ಭೋಜನ. ಅದರ ರೊಟ್ಟಿಯನ್ನು ಪೇಟೆಯಿಂದ ತರುವುದಿಲ್ಲ. ಒಂದೊಂದು ತಿಂಗಳು ಒಂದೊಂದು ಮನೆಯ ಪಾಳಿ. ಯಾರು ಸುಟ್ಟರೂ ಎಲ್ಲರೂ ಅದನ್ನೇ ಮುರಿದು ತಿನ್ನಬೇಕು. ಈ ಪದ್ಧತಿಯೇ ಬೇಕೆಂದು ಹಟ ಹಿಡಿದವಳು ದುರ್ಗಾದೇವಿ.

ಮಗಳು ಅಂಜಲಿಗೆ ಗಂಗಾವತಿಯಿಂದ ಸಂಬಂಧ ಬಂದಿತ್ತು. ಹುಡುಗ ಒಪ್ಪಿದ್ದ, ಇವಳೂ ಒಪ್ಪಿದ್ದಳು. ಗಂಡಿನವರು ವಿಚಾರಿಸಲು ಹೋದದ್ದು ನಮ್ಮ ಸಭೆಯವಳೇ ಆದ ಹುಲಿಗವ್ವನ ಮನೆಗೆ. ಒಂಟಿ ಹೆಂಗಸು, ಬಟ್ಟೆ ಹೊಲಿದು ಬದುಕುವವಳು, ಬಾಯಿಗೆ ಬೀಗವಿಲ್ಲ.

"ಸಣ್ಣಾಕಿ ಇದ್ದಾಗ ಮೂರ್ಛೆ ಬರತಿತ್ತರಿ, ಈಗ ಆರಾಮ ಅದಾಳ" ಎಂದಳಂತೆ. ಅವರು ಮೊದಲರ್ಧವನ್ನಷ್ಟೇ ಕಿವಿಗೆ ಹಾಕಿಕೊಂಡು ಹೋದರು, ಸಂಬಂಧ ಮುರಿಯಿತು. ಅಂಜಲಿ ವಾರಗಟ್ಟಲೆ ಸರಿಯಾಗಿ ಉಣ್ಣಲಿಲ್ಲ. ನನಗೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಹುಲಿಗವ್ವ ಬಂದು ಅತ್ತಳು. "ಕ್ಷಮಿಸೇನಿ, ಹೋಗವಾ" ಎಂದು ದುರ್ಗಾದೇವಿ ಬಾಗಿಲು ಹಾಕಿಕೊಂಡಳು. ಮುಂದೆ ಹುಲಿಗವ್ವನ ಪಾಳಿಯ ಭಾನುವಾರ, ತಟ್ಟೆ ಕೈಗೆ ಬಂದಾಗ ರೊಟ್ಟಿ ಮುರಿಯದೆ ಮುಂದೆ ದಾಟಿಸಿದಳು. ಸಭೆಯೆಲ್ಲ ನೋಡಿತು. ಪಾಸ್ಟರ್ ಮನೆಗೆ ಬಂದು ಬುದ್ಧಿ ಹೇಳಿದರು, ಪ್ರಾರ್ಥಿಸಿದರು. ಚಹಾ ಖರ್ಚಾಯಿತು, ಅಷ್ಟೇ. ಅವಳ ಮುಂಜಾನೆಯ ಪ್ರಾರ್ಥನೆಯಲ್ಲಿ ಕುಷ್ಟಗಿಯ ನೆಂಟರಿಂದ ಹಿಡಿದು ನಮ್ಮ ಎಮ್ಮೆಯವರೆಗೆ ಎಲ್ಲರೂ ಇರುತ್ತಿದ್ದರು. ಹುಲಿಗವ್ವ ಮಾತ್ರ ಇರುತ್ತಿರಲಿಲ್ಲ.

ಮತ್ತೆ ಹುಲಿಗವ್ವನ ಪಾಳಿ ಬಂತು. ಶನಿವಾರ ಸಂಜೆ ಅವಳು ಗೋಧಿ ಹಿಟ್ಟಿನ ಡಬ್ಬಿ ಹಿಡಿದು ನಮ್ಮ ಹೊಸ್ತಿಲ ಹೊರಗೆ ನಿಂತಳು.

"ಅಕ್ಕಾರ, ನನ್ನ ಪಾಳಿ ನೀವ ಮಾಡ್ರಿ. ನನ್ನ ಕೈಯಾಗಿನ ರೊಟ್ಟಿ ನೀವು ತಿನ್ನೂದಿಲ್ಲ ಅಂದ್ರ ಅದೆಂಥಾ ಭೋಜನರಿ? ನಾಳಿಯಿಂದ ನಾ ಸಭಿಗೆ ಬರೂದಿಲ್ಲ."

ಡಬ್ಬಿ ಚಾಚಿದಳು. ದುರ್ಗಾದೇವಿ ಕೈ ಮುಂದೆ ಮಾಡಲಿಲ್ಲ.

"ಅಲ್ಲೇ ಕೆಳಗ ಇಡು" ಎಂದಳು.

ಹುಲಿಗವ್ವ ಮೆಟ್ಟಿಲ ಮೇಲೆ ಡಬ್ಬಿ ಇಟ್ಟು ಹೊರಟಳು.

ದುರ್ಗಾದೇವಿಯ ಮುಖ ಬಿಳಿಚಿಕೊಂಡಿತು. ಅವಳು ಹುಟ್ಟಿದ್ದು ತಳಕಲ್ಲಿನ ಕೇರಿಯಲ್ಲಿ. ಅವಳ ಅವ್ವ ದೊಡ್ಡವರ ಅಂಗಳಕ್ಕೆ ಏನೇ ಒಯ್ದರೂ ಮನೆಯೊಡತಿಯ ಬಾಯಿಂದ ಬರುತ್ತಿದ್ದದ್ದು ಇದೇ ಮಾತು. ಕೈಗೆ ಕೈ ತಾಗಬಾರದಲ್ಲ! ಅವ್ವನ ಸೆರಗು ಹಿಡಿದು ನಿಂತು ಅದನ್ನು ಕೇಳಿ ಬೆಳೆದವಳು ಇವಳು. ಯೇಸುವಿನ ಬಳಿ ಬಂದದ್ದೇ ಅಲ್ಲಿ ಎಲ್ಲರೂ ಒಂದೇ ರೊಟ್ಟಿ ಮುರಿಯುತ್ತಾರೆಂದು.

"ನಾ ಈಗ ಏನಂದೆ?" ಎಂದಳು.

ಯಾವಾಗಲೂ ಸಮಾಧಾನ ಹೇಳುವವನು ನಾನು. ಅಂದು ರೇಗಿಬಿಟ್ಟೆ. "ನಿಮ್ಮವ್ವಗ ಅಂತಿದ್ದ ಮಾತು ಅಂದಿ!"

ಹೊಸ್ತಿಲ ಮೇಲೆ ಕುಸಿದು ಅತ್ತಳು. "ಸಿಟ್ಟ ಹೋಗವಲ್ದು. ನಾ ಏನ ಮಾಡ್ಲಿ, ಯೇಸಪ್ಪಾ?" ಆಮೇಲೆ ಡಬ್ಬಿ ಎತ್ತಿಕೊಂಡು ಬರಿಗಾಲಲ್ಲೇ ಓಡಿದಳು. ನಲ್ಲಿಯ ಹತ್ತಿರ ಹುಲಿಗವ್ವನನ್ನು ತಡೆದು, ಅವಳ ಎರಡೂ ಕೈ ಹಿಡಿದು ಡಬ್ಬಿ ಕೊಟ್ಟಳು.

"ನಿನ್ನ ಪಾಳಿ. ನೀನ ಮಾಡು."

ಭಾನುವಾರ ತಟ್ಟೆ ಬಂತು. ದುರ್ಗಾದೇವಿ ರೊಟ್ಟಿ ಮುರಿದು ಬಾಯಿಗಿಟ್ಟಳು. ಎಷ್ಟು ಹೊತ್ತಾದರೂ ತುತ್ತು ಇಳಿಯಲಿಲ್ಲ. ಹುಲಿಗವ್ವ ಆಚೆ ಚಾಪೆಯಿಂದ ನೋಡುತ್ತಿದ್ದಳು. ಕೊನೆಗೆ ದುರ್ಗಾದೇವಿ ಕಣ್ಣೀರಿನ ಜೊತೆ ನುಂಗಿದಳು. ಹೊರಗೆ ಬಂದವಳೇ ನೇರ ಹುಲಿಗವ್ವನ ಮುಂದೆ ನಿಂತಳು.

"ನನಗಿನ್ನೂ ಸಿಟ್ಟ ಐತಿ, ತಿಳೀತಿಲ್ಲ?"

"ಇರಲಿರಿ ಅಕ್ಕಾರ" ಎಂದಳು ಹುಲಿಗವ್ವ.

ಮರುದಿನ ಮುಂಜಾನೆ ಮೂವರೂ ಪ್ರಾರ್ಥನೆಗೆ ಕೂತೆವು. ನೆಂಟರ ಹೆಸರು ಮುಗಿಯಿತು, ಎಮ್ಮೆಯದೂ ಆಯಿತು. ಇನ್ನು ಮುಗಿಯಿತೆಂದು ನಾನು ಏಳುವುದರಲ್ಲಿದ್ದೆ.

"ಮತ್ತ... ಹುಲಿಗವ್ವ..." ಎಂದಳು ದುರ್ಗಾದೇವಿ.

ಅಂಜಲಿ ಮುಚ್ಚಿದ ಕಣ್ಣು ತೆರೆಯದೆ ಅವ್ವನ ಕೈ ಹುಡುಕಿ ಹಿಡಿದುಕೊಂಡು "ಆಮೆನ್" ಎಂದಳು.