ಗೆರೆ ಇಲ್ಲದ ಹಾಳೆ

ಅಪ್ಪನ ಬಲಗೈ ಕೋಟಿನ ತೋಳಿನೊಳಗೆ ಹೋಗಲಿಲ್ಲ. ಮಗಳು ಮೊದಲು ಮೆಲ್ಲಗೆ, ಆಮೇಲೆ ತುಸು ಬಲವಾಗಿಯೇ ಮೊಣಕೈ ಮಡಚಲು ನೋಡಿದಳು. ಬದುಕಿದ್ದಾಗಲೇ ಇಪ್ಪತ್ತಮೂರು ದಿನ ಅಲುಗದಿದ್ದ ಕೈ, ಈಗ ಮಾತು ಕೇಳುತ್ತದೆಯೇ?

“ಬಿಡಮ್ಮ, ಎಳೀಬೇಡ,” ಎಂದ ಎದುರುಮನೆಯ ದರ್ಜಿ. “ಬೆನ್ನಿನ ಹೊಲಿಗೆ ಬಿಚ್ಚಿ ಎರಡು ಕಡೆಯಿಂದ ಸೇರಿಸೋಣ. ಮುಂದಿನಿಂದ ನೋಡಿದವರಿಗೆ ಹಾಕ್ಕೊಂಡ ಹಾಗೇ ಕಾಣುತ್ತೆ.”

ಕತ್ತರಿ ಅವನ ಜೇಬಿನಲ್ಲೇ ಇತ್ತು. ಬೇಕಾಗಬಹುದೆಂದು ತಿಳಿದೇ ತಂದಿದ್ದ. ಕೇಳುವ ತನಕ ಹೊರಗೆ ತೆಗೆದಿರಲಿಲ್ಲ, ಅಷ್ಟೆ.

ಅದು ವಿಧಾನಸಭೆಯ ವರದಿಗಾರರಿಗೆ ಕೊಡುವ ಕಪ್ಪು ಕೋಟು. ಸಭೆಯಲ್ಲಿ ಯಾರು ಏನೇ ಆಡಲಿ, ಅದನ್ನು ಶೀಘ್ರಲಿಪಿಯಲ್ಲಿ ಹಿಡಿದಿಡುವ ಕೆಲಸವನ್ನು ಅಪ್ಪ ಮೂವತ್ತೆಂಟು ವರ್ಷ ಮಾಡಿದ್ದರು. ನಿವೃತ್ತಿಯಾಗಿ ಒಂಬತ್ತು ವರ್ಷ ಕಳೆದಿದ್ದರೂ ಕೋಟು ಬೀರುವಿನಲ್ಲಿ ನೆಟ್ಟಗೆ ನೇತಾಡುತ್ತಿತ್ತು. ಎಲ್ಲೂ ಹರಿದಿರಲಿಲ್ಲ. ಬಲ ಮೊಣಕೈಯ ಹತ್ತಿರ ಮಾತ್ರ ಒಂದು ಗುಂಡಿಯಗಲ ಬಟ್ಟೆ ಸವೆದು ಹೊಳೆಯುತ್ತಿತ್ತು.

“ಇದೇನು, ಇಲ್ಲೊಂದೇ ಕಡೆ ಸವೆದಿದೆ!” ಎಂದಳು ಸೋದರತ್ತೆ.

“ಮುಂದಿನವರು ತಟ್ಟಿ ತಟ್ಟಿ ಸವೆಸಿದ್ದು,” ಎಂದಳು ಅಮ್ಮ.

ಮಗಳು ಬೀರುವಿನ ಬಾಗಿಲು ಮುಚ್ಚಲು ಹೋದಳು. ಕೋಟು ಇದ್ದ ಜಾಗದ ಕೆಳಗೆ ನೋಟ್‌ಪುಸ್ತಕಗಳ ಒಂದು ಕಟ್ಟು ಕಂಡಿತು. ನಿವೃತ್ತಿಯ ದಿನ ಕಚೇರಿಯವರು ಕೊಟ್ಟಿದ್ದ ಹನ್ನೆರಡು ಪುಸ್ತಕ. ಮೇಲಿನದನ್ನು ತೆರೆದಳು. ಒಂದು ಅಕ್ಷರವಿಲ್ಲ; ನೀಲಿ ಗೆರೆಗಳಷ್ಟೇ. ಅವಳಿಗೆ ಏನೂ ಹೊಳೆಯಲಿಲ್ಲ. ಮುಚ್ಚಿ ಅಲ್ಲೇ ಇಟ್ಟಳು.

ಅವಳ ಮನಸ್ಸೆಲ್ಲ ಕೈಚೀಲದಲ್ಲಿ ಮಡಚಿಟ್ಟಿದ್ದ ಇನ್ನೊಂದು ಹಾಳೆಯ ಮೇಲಿತ್ತು. ಹನ್ನೊಂದಕ್ಕೆ ಶವದ ವ್ಯಾನು ಬರುತ್ತದೆ. ಅಷ್ಟರೊಳಗೆ ಅಪ್ಪನ ಜೊತೆ ಕೆಲಸ ಮಾಡಿದ್ದ ‘ಮುಂದಿನವರು’ ಬಂದು ಅದನ್ನು ಓದಬೇಕು. ಅಪ್ಪನ ಶೀಘ್ರಲಿಪಿ ಬಲ್ಲವರು ಊರಿನಲ್ಲಿ ಅವರೊಬ್ಬರೇ ಉಳಿದಿದ್ದರು.

“ಮಾಮ ಬಸ್ಸಲ್ಲಿ ಬರ್ತಿದ್ದಾರಂತೆ, ಅತ್ತೆ,” ಎಂದಳು.

“ಆ ಕಣ್ಣಿಟ್ಕೊಂಡು ಬಸ್ಸಲ್ಲಾ?”

ಮಗಳು ತಿರುಗಿದಳು. “ಕಣ್ಣಿಗೇನಾಗಿದೆ?”

“ಅಯ್ಯೋ, ಗೊತ್ತಿಲ್ವಾ? ಅಂಚು ಕಾಣುತ್ತಂತೆ, ನಡುವೆ ಇರೋದು ಕಾಣಲ್ವಂತೆ. ಹೋದ ವರ್ಷ ಸಿಕ್ಕಾಗ ನನ್ನ ಓಲೆ ಚೆನ್ನಾಗಿದೆ ಅಂದರು. ಮುಖ ಯಾರದು ಅಂತ ಆಮೇಲೆ ಕೇಳಿದರು!”

ಯಾರೋ ನಕ್ಕರು. ಮಗಳು ಬೀರುವಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತುಬಿಟ್ಟಳು.

*

ಸಭೆಯಲ್ಲಿ ಒಬ್ಬ ವರದಿಗಾರನ ಸರದಿ ಐದು ನಿಮಿಷ. ನಡುವಿನ ಮೇಜಿನ ಬಳಿ ಕುಳಿತು ಐದು ನಿಮಿಷ ತಲೆಯೆತ್ತದೆ ಬರೆಯಬೇಕು. ಅಷ್ಟರಲ್ಲಿ ಮುಂದಿನವನು ಸದ್ದಿಲ್ಲದೆ ಬಂದು ಬಲಗಡೆ ಕುಳಿತು ಮೊಣಕೈಗೆ ಎರಡು ಬೆರಳು ತಾಗಿಸುತ್ತಾನೆ. ನಾನು ಹಿಡಿದೆ, ನೀನು ಏಳು ಎಂದು ಅದರ ಅರ್ಥ. ಎದ್ದವನು ಹಿಂದಿನ ಕೋಣೆಗೆ ಹೋಗಿ ತನ್ನ ಗೀಟುಗಳನ್ನೆಲ್ಲ ಅಕ್ಷರಕ್ಕಿಳಿಸುತ್ತಾನೆ.

ಹಾಗಾಗಿ ಅಷ್ಟು ವರ್ಷ ಅಲ್ಲಿದ್ದೂ ಅಪ್ಪ ಒಂದು ಚರ್ಚೆಯನ್ನಾದರೂ ಪೂರ್ತಿ ಕೇಳಿದವರಲ್ಲ. ಸರ್ಕಾರ ಬಿದ್ದ ದಿನ ಅವರ ಪಾಲಿಗೆ ಬಂದದ್ದು ಒಬ್ಬ ಸದಸ್ಯರ ಮೈಕು ಕೆಟ್ಟ ಐದು ನಿಮಿಷ. ಮನೆಯಲ್ಲಿ “ಆಮೇಲೆ ಏನಾಯ್ತು?” ಎಂದು ಕೇಳಿದರೆ “ಮುಂದಿನವನನ್ನ ಕೇಳಿ” ಎನ್ನುತ್ತಿದ್ದರು. ಆ ಗೆಳೆಯನಿಗೆ ಮನೆಯಲ್ಲಿ ಅದೇ ಹೆಸರಾಯಿತು. ಮಗಳಿಗೆ ಅವರು ‘ಮುಂದಿನ ಮಾಮ’.

ಅವರ ಲಿಪಿಯಲ್ಲಿ ಸ್ವರಗಳಿಗೆ ಜಾಗವಿರಲಿಲ್ಲ. ಅವಸರದಲ್ಲಿ ವ್ಯಂಜನಗಳನ್ನಷ್ಟೇ ಗೀಚಬೇಕು. ‘ಆಗಲಿ’ಗೂ ‘ಆಗಲ್ಲ’ಕ್ಕೂ ಒಂದೇ ಆಕಾರ. ಅದಕ್ಕೇ ಒಂದು ಕಟ್ಟುಪಾಡು: ಒಪ್ಪುವ ಮಾತು ಗೆರೆಯ ಮೇಲೆ ನಿಲ್ಲಬೇಕು, ಒಲ್ಲೆನೆನ್ನುವ ಮಾತು ಗೆರೆಯನ್ನು ಸೀಳಬೇಕು.

ಒಮ್ಮೆ ಪ್ರಶ್ನೋತ್ತರದ ವೇಳೆಯಲ್ಲಿ ನದಿಯಾಚೆಯ ಸದಸ್ಯೆಯೊಬ್ಬರು ತಮ್ಮ ಕಡೆಗೊಂದು ಸೇತುವೆ ಕೇಳಿದರು. ಸಚಿವರು ಯಾವುದೋ ಕಾಗದ ಹುಡುಕುತ್ತಾ “ಆಗಲಿ” ಎಂದುಬಿಟ್ಟರು. ಮಧ್ಯಾಹ್ನ ಅವರ ಕಾರ್ಯದರ್ಶಿ ಹಿಂದಿನ ಕೋಣೆಗೆ ಬಂದ.

“ಸಾಹೇಬ್ರು ಹೇಳಿದ್ದು ‘ಆಗಲ್ಲ’ ಅಂತ. ಒಂದೇ ಅಕ್ಷರ, ಸರಿ ಮಾಡಿಬಿಡಿ.”

ಅಪ್ಪ ಪುಸ್ತಕ ತೆರೆದು ತೋರಿಸಿದರು. “ನೋಡಿ, ಗೆರೆಯ ಮೇಲಿದೆ.”

“ಗೆರೆ ಅತ್ಲಾಗಿರಲಿ ಸ್ವಾಮಿ.”

“ಅದನ್ನ ಬಿಟ್ಟರೆ ನಮ್ಮ ಹತ್ತಿರ ಇನ್ನೇನಿದೆ?”

ಆ ಮಾತಿಗಾಗಿ ಅವರು ಎರಡು ವರ್ಷ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಧೂಳು ಕೊಡವಿದರು. ಆ ಎರಡು ವರ್ಷವೂ ಮುಂದಿನವರು ದಿನಾ ಮಧ್ಯಾಹ್ನ ಎರಡು ಲೋಟ ಚಹಾ ಹಿಡಿದು ಕೆಳಗಿಳಿದು, ಸರಿಯಾಗಿ ಐದು ನಿಮಿಷ ಕುಳಿತು ಹೋಗುತ್ತಿದ್ದರು.

ಸೇತುವೆ ಆಗಲೇ ಇಲ್ಲ. ದಾಖಲೆಯಲ್ಲಿ ಮಾತ್ರ ‘ಆಗಲಿ’ ಎಂದೇ ಇದೆ.

*

ಹತ್ತೂವರೆಗೆ ಮುಂದಿನವರು ಬಂದರು. ಬಸ್ಸಿನ ಕಂಡಕ್ಟರ್ ಕೈಹಿಡಿದು ಗೇಟಿನ ತನಕ ಕರೆತಂದು ಬಿಟ್ಟು ಓಡಿದ. ಬಸ್ಸು ತಿರುವಿನಲ್ಲಿ ಅಷ್ಟೂ ಜನರನ್ನು ಹೊತ್ತು ಕಾಯುತ್ತ ನಿಂತಿತ್ತು. ಒಬ್ಬರೂ ಗೊಣಗಿದಂತೆ ಕಾಣಲಿಲ್ಲ.

ಕಚೇರಿಯಿಂದ ಬಂದ ಹೂವಿನ ಚಕ್ರ ಬಾಗಿಲಿಗೆ ಒರಗಿತ್ತು. ಅದರ ಪಟ್ಟಿಯ ಮೇಲೆ ಅಪ್ಪನ ಹೆಸರಿನಲ್ಲಿ ಒಂದು ದೀರ್ಘ ತಪ್ಪಿಹೋಗಿತ್ತು.

“ಜನ್ಮವಿಡೀ ಅವರ ತಪ್ಪು ತಿದ್ದಿದವನು, ಅವನ ಹೆಸರೇ ತಪ್ಪು,” ಎಂದಳು ಸೋದರತ್ತೆ.

“ಅವನಿದ್ದಿದ್ರೆ ಪೆನ್ಸಿಲ್ ತಗೊಂಡು ಎದ್ದು ಬರ್ತಿದ್ದ,” ಎಂದು ಮುಂದಿನವರು ನಗಲು ಹೋಗಿ ನಿಲ್ಲಿಸಿದರು. “ಎಲ್ಲಿ ಮಲಗಿಸಿದ್ದೀರಿ?”

“ಹಜಾರಕ್ಕೆ ತಂದಿದ್ದೀವಿ ಮಾಮ. ಮೊದಲು ನನ್ನ ಜೊತೆ ಬನ್ನಿ,” ಎಂದು ಮಗಳು ಅವರನ್ನು ಬೀರುವಿದ್ದ ಒಳಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

*

ಇಪ್ಪತ್ತಮೂರು ದಿನದ ಹಿಂದೆ ಮಾತು ಹೋಯಿತು, ಬಲಭಾಗ ಹೋಯಿತು. ಅಪ್ಪ ಎಡಗೈಯಲ್ಲಿ ಬರೆಯುವವರು. ಆ ಕೈ ಉಳಿಯಿತು. ಕೈಗೆ ಸಿಕ್ಕಿದ್ದು ಗೋಡೆಯ ಕ್ಯಾಲೆಂಡರು. ದಿನಕ್ಕೊಂದು ಹಾಳೆ ಹರಿಯುವಂಥದ್ದು. ಹರಿದ ಹಾಳೆಯ ಹಿಂಬದಿ ಬೆಳ್ಳಗೆ, ತೆಳ್ಳಗೆ ಇರುತ್ತದೆ. ಮಗಳು ಅದನ್ನೇ ರಟ್ಟಿನ ಮೇಲಿಟ್ಟು ಪೆನ್ಸಿಲ್ ಕೊಟ್ಟಳು. ಮೊದಲ ದಿನ ಅವರು ಎಲ್ಲರೂ ಬರೆಯುವ ಅಕ್ಷರವನ್ನೇ ಬರೆಯಲು ನೋಡಿದರು. ತಲೆಕಟ್ಟು ಹಾಕುವಷ್ಟರಲ್ಲಿ ಕೈ ಜಾರುತ್ತಿತ್ತು. ಆಮೇಲೆ ಬರೀ ಗೀಟು, ಕೊಕ್ಕೆ, ಚುಕ್ಕೆ.

“ಇದು ಅಪ್ಪನ ಶೀಘ್ರಲಿಪಿ ಇರಬಹುದಾ ಡಾಕ್ಟ್ರೇ?”

“ಅರ್ಥ ಇರಲ್ಲಮ್ಮ. ಕೈ ತಾನಾಗಿ ಆಡುತ್ತೆ. ತುಂಬಾ ಆಯಾಸ ಮಾಡಿಸಬೇಡಿ.”

ಬರೆದಾದ ಮೇಲೆ ಅಪ್ಪ ಹಾಳೆಯನ್ನು ದೂರ ತಳ್ಳಿ ಬೀರುವಿನ ಕಡೆ ಕೈ ತೋರಿಸುತ್ತಿದ್ದರು. ಅಮ್ಮ ಶಾಲು ತಂದು ಹೊದಿಸಿದಳು. ಮರುದಿನವೂ ತೋರಿಸಿದರು. ಎರಡನೇ ಶಾಲು ಹೊದಿಸಿದಳು. ಅವರು ಕಣ್ಣು ಮುಚ್ಚಿಕೊಂಡರು. ಹಾಳೆಗಳನ್ನು ಮಾತ್ರ ಅಮ್ಮ ಒಂದೂ ಬಿಡದೆ ಬಿಸ್ಕತ್ತಿನ ಡಬ್ಬಿಯಲ್ಲಿ ಎತ್ತಿಟ್ಟಳು. ಅವರು ಬರೆದದ್ದನ್ನು ಎಸೆದು ಅವಳಿಗೆ ಗೊತ್ತಿರಲಿಲ್ಲ.

ಹದಿನಾಲ್ಕನೇ ತಾರೀಖು ಮಧ್ಯಾಹ್ನ ಅಮ್ಮ ಔಷಧಿ ತರಲು ಹೋಗಿದ್ದಳು. ಮಗಳು ಅಂದು ಮೂರನೇ ಸಲ ಹಾಸಿಗೆ ಬಟ್ಟೆ ಬದಲಿಸುತ್ತಿದ್ದಳು. ಹಿಂದಿನ ಮೂರು ದಿನ ಅವಳು ಕಣ್ಣು ಮುಚ್ಚಿರಲಿಲ್ಲ. ಅಪ್ಪನ ಕಾಲು ಎತ್ತಿ ಹಿಡಿದಿದ್ದಾಗಲೇ ಬಾಯಿಂದ ಬಂತು: “ಸಾಕಾಗಿದೆ ಅಪ್ಪ. ಹೋಗಬಾರದಾ?”

ಅವರು ಕೈಸನ್ನೆಯಲ್ಲಿ ಪೆನ್ಸಿಲ್ ಕೇಳಿದರು. ಅಂದಿನ ಹಾಳೆ ಹರಿದು ಕೊಟ್ಟಳು. ಎರಡು ಸಾಲು ಗೀಚಿ, ಅಂದು ಬೀರುವಿನ ಕಡೆ ಕೈ ತೋರಿಸದೆ, ಹಾಳೆಯನ್ನು ಅವಳ ಕೈಗೇ ಕೊಟ್ಟರು. ಅದನ್ನವಳು ಡಬ್ಬಿಗೆ ಹಾಕಲಿಲ್ಲ. ಅರ್ಥವಿಲ್ಲದ ಗೀಟು ಎಂದು ಡಾಕ್ಟರು ಹೇಳಿದ್ದನ್ನು ನಂಬುವುದು ಆಗ ಸುಲಭವಾಗಿತ್ತು. ಈಗ ನಂಬಲು ಆಗುತ್ತಿರಲಿಲ್ಲ.

*

ಮುಂದಿನವರು ಹಾಳೆಯನ್ನು ಮೂಗಿಗೆ ತಾಗಿಸಿ ನೋಡಿದರು, ಓರೆ ಮಾಡಿ ನೋಡಿದರು. ತಲೆಯಾಡಿಸಿದರು.

“ಬೂದಿ ಬೂದಿ ಕಾಣುತ್ತೆ ಮರಿ. ತಾಳು.” ಅಂಗೈ ಚಾಚಿದರು. “ಇಲ್ಲಿ ಬರಿ. ಅವನು ಹೇಗೆ ಬರೆದಿದ್ದಾನೋ ಹಾಗೇ, ಬೆರಳಲ್ಲಿ. ಮೊದಲು ಬೇರೆ ಯಾವುದಾದ್ರೂ ಹಾಳೆ ತಗೋ, ನಿನ್ನ ಕೈಗೆ ರೂಢಿಯಾಗಲಿ.”

ಅವಳು ಡಬ್ಬಿಯಿಂದೊಂದು ಹಾಳೆ ತೆಗೆದು, ಬಾಗಿದ ಒಂದು ಗೀಟನ್ನೂ ಅದರ ತುದಿಯ ಕೊಕ್ಕೆಯನ್ನೂ ಅವರ ಅಂಗೈಯಲ್ಲಿ ಎಳೆದಳು.

“ಗ... ರ. ಗೆರೆ,” ಎಂದರು. “ಮುಂದಿನದು?”

ಇನ್ನೊಂದು ಹಾಳೆ. “ಇದೂ ಗೆರೆ.” ಇನ್ನೊಂದು. “ಗೆರೆ. ಏನಿದು, ಎಲ್ಲದರಲ್ಲೂ ಅದನ್ನೇ ಬರೆದಿದ್ದಾನಲ್ಲ! ಎಂಥ ಕಾಗದ ಕೊಟ್ಟಿದ್ದೆ ಅವನಿಗೆ?”

“ಕ್ಯಾಲೆಂಡರ್ ಹಾಳೆ.”

“ಗೆರೆ ಇತ್ತಾ ಅದರಲ್ಲಿ?”

ಬೀರು ಅವಳ ಬೆನ್ನ ಹಿಂದೆಯೇ ಇತ್ತು. ಹನ್ನೆರಡು ಪುಸ್ತಕ, ಒಂದೊಂದರಲ್ಲೂ ನೂರು ಹಾಳೆ. ಎರಡೆರಡು ಶಾಲು ಹೊದಿಸಿದ್ದರು ಅವರಿಗೆ, ಸೆಕೆಗಾಲದಲ್ಲಿ.

ಅವಳು ಅಳಲಿಲ್ಲ, ಹೊತ್ತಿರಲಿಲ್ಲ. ಹದಿನಾಲ್ಕರ ಹಾಳೆಯನ್ನು ತೊಡೆಯ ಮೇಲೆ ಬಿಡಿಸಿಟ್ಟು ಮೊದಲ ಸಾಲನ್ನು ಅಂಗೈಯಲ್ಲಿ ಬರೆಯತೊಡಗಿದಳು.

“ಪ್ರಶ್ನೆ ಅಂತ ಗುರುತು ಹಾಕಿದ್ದಾನೆ,” ಎಂದ ಮುಂದಿನವರ ಮುಖ ಅರಳಿತು. “ಪ್ರಶ್ನೋತ್ತರದಲ್ಲಿ ಹೀಗೇ. ಮೊದಲು ಪ್ರಶ್ನೆ, ಕೆಳಗೆ ಉತ್ತರ. ಬಿಟ್ಟಿಲ್ಲ ನೋಡು ಬುದ್ಧಿ! ಹೂಂ... ಸಾಕಾಗಿದೆ... ಅಪ್ಪ...”

ಅವರ ದನಿ ಇಳಿಯಿತು. ಅವಳ ಬೆರಳು ನಿಲ್ಲಲಿಲ್ಲ. ತಾನಾಡಿದ ಮಾತನ್ನು ತಾನೇ ಗೀಟುಗೀಟಾಗಿ ಆ ಮುದಿ ಅಂಗೈಯಲ್ಲಿ ಬರೆದು ಮುಗಿಸಿದಳು. ಅವರು ಅದನ್ನು ಗಟ್ಟಿಯಾಗಿ ಓದಲಿಲ್ಲ.

“ನಾನೇ ಅಂದಿದ್ದು ಮಾಮ,” ಎಂದಳು.

“ಗೊತ್ತಾಯ್ತು.” ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. “ಉತ್ತರ ಬರಿ.”

ಉತ್ತರ ಒಂದೇ ಆಕಾರ. ದಪ್ಪ ಗೀಟು, ಅದಕ್ಕಂಟಿದ ಚಿಕ್ಕದೊಂದು. ಅವಳು ಬರೆದಳು. ಅವರು ಇನ್ನೊಮ್ಮೆ ಬರೆಯಲು ಹೇಳಿದರು. ಮತ್ತೊಮ್ಮೆ.

“ಬ, ಡ,” ಎಂದರು ಕೊನೆಗೆ.

“ಅಂದರೆ?”

“ಬಿಡು. ಇಲ್ಲಾಂದರೆ, ಬೇಡ.”

ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಚಾಲಕ ಹಾರ್ನ್ ಮಾಡದೆ ಇಂಜಿನ್ ಆರಿಸಿದ.

‘ಬಿಡು’ ಎಂದಿದ್ದರೆ, ಹೋಗಲಿ ಬಿಡು ಮಗಳೇ, ನನಗೆ ಬೇಸರವಿಲ್ಲ ಎಂದು. ‘ಬೇಡ’ ಎಂದಿದ್ದರೆ, ನನ್ನನ್ನು ಕಳಿಸಬೇಡ, ನನಗಿನ್ನೂ ಇರಬೇಕು ಎಂದು. ಅದಾದ ಮೇಲೆ ಅವರು ಒಂಬತ್ತು ದಿನ ಬದುಕಿದ್ದರು. ಒಂದೇ ಒಂದು ಗೀಟೂ ಬರೆದಿರಲಿಲ್ಲ.

“ಗೆರೆಯ ಮೇಲೆ ನಿಂತಿದ್ದರೆ ‘ಬಿಡು’. ಸೀಳಿದ್ದರೆ ‘ಬೇಡ’. ಹಾಳೆಯಲ್ಲಿ ಗೆರೆಯೇ ಇಲ್ಲವಲ್ಲ ಮರಿ.”

“ನೀವು ಹೇಳಿ ಮಾಮ. ಅಪ್ಪ ಏನಂದಿರ್ತಾರೆ ಅಂತ ನಿಮಗೆ ಗೊತ್ತಿರುತ್ತೆ.”

“ನಮಗೆ ಗೊತ್ತಿರೋದನ್ನ ನಾವು ಯಾವತ್ತೂ ಬರೀಲಿಲ್ಲ. ಕೇಳಿಸಿದ್ದನ್ನ ಬರೆದ್ವಿ.”

“ಒಂದು ಸಲ, ಸುಳ್ಳಾದರೂ ಹೇಳಿ. ‘ಬಿಡು’ ಅಂತ ಹೇಳಿಬಿಡಿ.”

ಮುದುಕರ ಬಾಯಿ ತೆರೆಯಿತು. “ಅವನ ಮನೇಲಿ ಕೂತು ಹೇಗೆ ಹೇಳಲಿ?” ಎಂದರು. ಅವಳ ಬೆರಳುಗಳನ್ನು ತಮ್ಮ ಅಂಗೈಯೊಳಗೆ ಮುಚ್ಚಿ ಹಿಡಿದರು. ಆಮೇಲೆ ಗೋಡೆ ಹಿಡಿದು ಎದ್ದು ಹೊರಗೆ ಹೋದರು.

ಬಾಗಿಲ ಸಂದಿಯಿಂದ ಅವಳಿಗೆ ಕಂಡಿತು: ಮುಂದಿನವರು ಅಪ್ಪನ ಬಲಗಡೆ ಕುಳಿತು, ತಡಕಿ, ಕೋಟಿನ ಸವೆದ ಜಾಗ ಹುಡುಕಿ, ಎರಡು ಬೆರಳು ತಾಗಿಸಿದರು. ತಾಗಿಸಿಯೇ ಇದ್ದರು. ದರ್ಜಿ ಎತ್ತಲು ಬಂದವರನ್ನು ಕೈಸನ್ನೆ ಮಾಡಿ ತಡೆದ.

“ಬಾರೇ, ಎತ್ತುತ್ತಿದ್ದಾರೆ,” ಅಮ್ಮ ಕರೆದಳು. “ಅಪ್ಪ ಹೊರಟರು, ಬಾರೇ!”

“ಬಂದೆ ಅಮ್ಮ.”

ಅವಳು ಬೀರುವಿನಿಂದ ಮೇಲಿನ ಪುಸ್ತಕ ತೆಗೆದು ಒಂದು ಹಾಳೆ ಹರಿದಳು. ಅದನ್ನು ಕಿಟಕಿಯ ಗಾಜಿಗೆ ಒತ್ತಿ, ಅದರ ಮೇಲೆ ಹದಿನಾಲ್ಕರ ಹಾಳೆ ಇಟ್ಟಳು. ಬಿಸಿಲು ಎರಡನ್ನೂ ಹಾಯ್ದು ಬಂತು. ತಾರೀಖಿನ ದೊಡ್ಡ ಅಂಕಿ ತಿರುಗಾಮುರುಗಾ ಕಂಡಿತು, ಅದರ ಮೇಲೆ ಅಪ್ಪನ ಗೀಟು, ಹಿಂದೆ ನೀಲಿ ಗೆರೆ. ಹಾಳೆಯನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆ ಸರಿಸಿದಳು: ಬಿಡು. ಒಂದು ಕೂದಲೆಳೆಯಷ್ಟು ಕೆಳಕ್ಕೆ: ಬೇಡ. ಮತ್ತೆ ಮೇಲಕ್ಕೆ. ಮತ್ತೆ ಕೆಳಕ್ಕೆ. ಹೊರಗೆ ವ್ಯಾನಿನ ಬಾಗಿಲು ಹಾಕಿದರು. ಅವಳ ಹೆಬ್ಬೆರಳು ಗಾಜಿನ ಮೇಲೆ ಹಾಳೆಯನ್ನು ಸರಿಸುತ್ತಲೇ ಇತ್ತು.