ಹೊತ್ತು ಮುಳುಗಿದ ಮೇಲೂ ಉರಿದ ಒಲೆ

ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ ನಾನು ಬರೀ ತುಟಿ ಆಡಿಸುತ್ತೇನೆಂದು ಅಮ್ಮನಿಗೆ ಗೊತ್ತಾಗಿಬಿಟ್ಟಿದೆಯೋ ಏನೋ. ಇಷ್ಟನ್ನು ಈ ಪುಸ್ತಕದಲ್ಲಿ ಬರೆದುಕೊಳ್ಳಲು ನನಗೆ ಆರು ತಿಂಗಳು ಬೇಕಾಯಿತು. ಕಣ್ಣು ಮುಚ್ಚುತ್ತೇನೆ. ‘ತಂದೆಯೇ’ ಎನ್ನುವುದು ಬಾಯಿವರೆಗೂ ಬರುತ್ತದೆ. ಅಷ್ಟರಲ್ಲಿ ಆ ಕಡೆ ಯಾರೂ ಇಲ್ಲವೆನಿಸಿ ಸುಮ್ಮನಾಗುತ್ತೇನೆ.

ಶುರುವಾದದ್ದು ಸೆಪ್ಟೆಂಬರಿನ ಒಂದು ಶುಕ್ರವಾರ. ಪಕ್ಕದ ಮನೆಯ ಸವೇತಕ್ಕನ ಅಂಗಳದಲ್ಲಿ ಪ್ಲಮ್ ಹಣ್ಣಿನ ಜಾಮು ಕುದಿಯುತ್ತಿತ್ತು. ಸಕ್ಕರೆ ಹಾಕದ ಜಾಮು. ಗಟ್ಟಿಯಾಗುವ ತನಕ ದಿನವಿಡೀ ಕೈ ಬಿಡದೆ ತಿರುವುತ್ತಿರಬೇಕು. ಮಧ್ಯಾಹ್ನ ಅವಳ ತಾಯಿಗೆ ಉಸಿರು ಕಟ್ಟುತ್ತಿದೆಯೆಂದು ಮೇಲಿನ ಹಳ್ಳಿಯಿಂದ ಸುದ್ದಿ ಬಂತು. ಹೊರಡುವಾಗ ಸೌಟನ್ನು ನನ್ನ ಕೈಗೆ ಕೊಟ್ಟು ಹೇಳಿದಳು:

“ತಬಿತಾ, ಹೊತ್ತು ಮುಳುಗಿದ ತಕ್ಷಣ ಬೆಂಕಿ ಆರಿಸಿಬಿಡು. ಆಗಿರ್ಲಿ, ಆಗದೇ ಇರ್ಲಿ. ಹಾಳಾದ್ರೆ ಕೋಳಿ ತಿನ್ಕೊಳ್ತವೆ.”

ಹೊತ್ತು ಮುಳುಗಿತು, ಸಬ್ಬತ್ ಶುರುವಾಯಿತು. ಶನಿವಾರ ಹೊತ್ತು ಮುಳುಗುವ ತನಕ ಅದು ದೇವರ ದಿನ, ಒಲೆ ಉರಿಸುವಂತಿಲ್ಲ. ಜಾಮು ಇನ್ನೂ ಸೌಟಿನಿಂದ ಜಾರುತ್ತಿತ್ತು. ಇಷ್ಟು ಒಳ್ಳೆಯದನ್ನು ಕೋಳಿಗೆ ಸುರಿದರೆ ದೇವರಿಗೇನು ಬಂತು ಎಂದುಕೊಂಡೆ. ಇನ್ನೆರಡು ಕೊರಡು ಒಲೆಗೆ ತಳ್ಳಿದೆ.

ಹೊಗೆ ಬೀದಿಗೆಲ್ಲ ಕಂಡಿತ್ತು. ಮುಂದಿನ ವಾರ ಚರ್ಚಿನ ಹಿರಿಯರು ಸಭೆಯಲ್ಲಿ ವಿಚಾರಿಸಿದಾಗ ಸವೇತಕ್ಕ ಎದ್ದು ನಿಂತು, “ಒಲೆ ನಂದು, ಅಂಗಳ ನಂದು. ಶಿಕ್ಷೆ ಏನಿದ್ರೂ ನನಗೇ ಕೊಡಿ” ಎಂದಳು. ಮೂರನೆಯ ಬೆಂಚಿನಲ್ಲಿದ್ದ ನನ್ನ ಕಡೆ ತಿರುಗಲೂ ಇಲ್ಲ. ನಾನು ಉಗುರು ನೋಡುತ್ತ ಕೂತಿದ್ದೆ.

ಆರು ತಿಂಗಳು ಅವಳಿಗೆ ಕರ್ತನ ಭೋಜನದ ರೊಟ್ಟಿಯಿಲ್ಲ, ಸಭೆಯೊಂದಿಗೆ ಹಾಡುವಂತಿಲ್ಲ. ಜನವರಿಯಲ್ಲಿ ಅವಳ ತಾಯಿ ತೀರಿಕೊಂಡಳು. ಸಮಾಧಿಯ ಗುಂಡಿಯ ಸುತ್ತ ನಾವೆಲ್ಲ ಹಾಡಿದೆವು. ಮಗಳು ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಕ್ಲೂಜ್ ಪಟ್ಟಣದಲ್ಲಿ ಓದಿ ಬಂದವಳೆಂದು ಮಕ್ಕಳ ಪಾಠ ನನಗೇ ಕೊಟ್ಟಿದ್ದಾರೆ. ಹೋದ ವಾರ ಬೈಬಲಿನ ಅರಸ ಸೌಲನ ಪಾಠವಿತ್ತು. ಸೋತ ಶತ್ರುಗಳದ್ದು ಏನನ್ನೂ ಉಳಿಸಬೇಡವೆಂದು ದೇವರು ಹೇಳಿದ್ದರೂ ಅವನು ಕೊಬ್ಬಿದ ಕುರಿಗಳನ್ನು ಉಳಿಸಿಕೊಂಡ. ಕೇಳಿದರೆ ದೇವರಿಗೇ ಬಲಿ ಕೊಡಲೆಂದ. ಪುಟ್ಟ ನೊಯೆಮಿ ಕೈಯೆತ್ತಿದಳು.

“ಅಕ್ಕಾ, ಆಮೇಲೆ ದೇವರು ಅವನ ಹತ್ರ ಮಾತೇ ಆಡಲಿಲ್ವಾ?”

“ಇಲ್ಲ.”

“ಅವನಾಗೇ ಕರೆದ್ರೂ?”

“ಕರೆದ್ರೂ.”

ಆ ದಿನ ಪಾಠ ಬೇಗ ಮುಗಿಸಿಬಿಟ್ಟೆ.

ಇವತ್ತು ಕರ್ತನ ಭೋಜನ, ಯೇಸುವಿನ ನೆನಪಿಗೆ ಸಭೆಯೆಲ್ಲ ರೊಟ್ಟಿ ಹಂಚಿಕೊಳ್ಳುವ ದಿನ. ಅದಕ್ಕೂ ಮೊದಲು ಹೆಂಗಸರು ಒಳಕೋಣೆಯಲ್ಲಿ ಒಬ್ಬರ ಕಾಲನ್ನು ಒಬ್ಬರು ತೊಳೆಯುತ್ತೇವೆ. ಶಿಕ್ಷೆ ಮುಗಿಸಿ ಬಂದವಳು ತನ್ನ ತಪ್ಪನ್ನು ಬಾಯಿಬಿಟ್ಟು ಹೇಳಬೇಕು, ಆಮೇಲೆಯೇ ನೀರು. ಎಲ್ಲರಿಗಿಂತ ಚಿಕ್ಕವಳೆಂದು ಬೋಗುಣಿ ನನಗೆ ಬಂತು. ಸವೇತಕ್ಕನ ಮುಂದೆ ಮಂಡಿಯೂರಿದೆ. ಅವಳ ಪಾದಗಳು ಊದಿದ್ದವು, ಕಾಲುಚೀಲದ ಗೆರೆ ಕೆಂಪಗೆ ಮೂಡಿತ್ತು.

ಹಿರಿಯರೊಬ್ಬರ ಹೆಂಡತಿ ಜೆನೋವಿಯಮ್ಮ ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. “ನಿನ್ನ ಜಾಮು ರುಚಿಯಾಗೇ ಇತ್ತು ಕಣೇ ಸವೇತಾ. ಎರಡು ಸೀಸೆ ನಾನೇ ಖಾಲಿ ಮಾಡಿದ್ದೆ. ಅದು ಸಬ್ಬತ್ತಿನದು ಅಂತ ಆಮೇಲಲ್ವಾ ಗೊತ್ತಾಗಿದ್ದು.”

ಹೆಂಗಸರು ನಕ್ಕರು. ಜೆನೋವಿಯಮ್ಮ ಮುಂದುವರಿಸಿದಳು:

“ಹೂಂ, ಹೇಳಿಬಿಡು. ‘ಸಬ್ಬತ್ತಿನಲ್ಲಿ ನಾನು ಒಲೆ ಉರಿಸಿದೆ’ ಅಂತ. ಅಷ್ಟೇ. ಆಚೆ ರೊಟ್ಟಿ ಕಾಯ್ತಿದೆ.”

ಸವೇತಕ್ಕ ನನ್ನ ಕೈ ನೋಡಿದಳು. ಬೋಗುಣಿಯನ್ನು ವಾಲಿಸಿ ಹಿಡಿದಿದ್ದೆ. “ನೆಟ್ಟಗೆ ಹಿಡ್ಕೋ ಮಗು” ಎಂದಳು, ಮೆಲ್ಲಗೆ.

ಇದುವರೆಗೆ ಅವಳು ಸುಳ್ಳು ಹೇಳಿರಲಿಲ್ಲ. ಒಲೆ ಅವಳದೇ, ಅಂಗಳವೂ ಅವಳದೇ. ಈಗ ಸುಳ್ಳು ಹೇಳಬೇಕಾಗಿತ್ತು, ರೊಟ್ಟಿ ಮುಟ್ಟುವ ಗಳಿಗೆಯಲ್ಲಿ, ದೇವರ ಮುಂದೆ. ನನ್ನ ಪಾಲಿಗೆ ದೇವರು ಸುಮ್ಮನಾಗಿ ಆರು ತಿಂಗಳಾಗಿದೆ. ಇನ್ನು ಅವಳ ಪಾಲಿಗೂ ಸುಮ್ಮನಾಗುತ್ತಾನೆ. ಆ ಮೌನವನ್ನು ಅವಳಿಗೆ ಅಂಟಿಸುವವಳು ನಾನು.

ಕಣ್ಣು ಮುಚ್ಚಿ ಕರೆದೆ. ಆ ಕಡೆಯಿಂದ ಏನೂ ಬರಲಿಲ್ಲ. ಧೈರ್ಯವೂ ಬರಲಿಲ್ಲ.

“ಸಬ್ಬತ್ತಿನಲ್ಲಿ ನಾನು...” ಸವೇತಕ್ಕ ಶುರುಮಾಡಿದಳು.

“ಅವಳಲ್ಲ,” ಎಂದೆ. “ಬೆಂಕಿ ಆರಿಸದೆ ಬಿಟ್ಟವಳು ನಾನು.”