ಮರೆಗುಳಿ ಮೇಡಂ

"ಇಲ್ಲಿ ಕಾರು ತಿರುಗಲ್ಲ ಕಣೇ, ನೀನು ಇಳಿದು ನಡಿ," ಎಂದು ಗಂಡ ತ್ರಿವಿಕ್ರಮ ಅಲ್ಲಾಳಸಂದ್ರದ ಓಣಿಯಲ್ಲಿ ಬ್ರೇಕ್ ಒತ್ತುವಷ್ಟರಲ್ಲೇ ನಾಗಮಣಿ ಬಾಗಿಲು ತೆಗೆದು ಇಳಿದಾಗಿತ್ತು. ಮುಂದೆ ತಮಟೆ ಬಡಿಯುತ್ತಿತ್ತು. ಶಾಮಿಯಾನದ ಕೆಳಗೆ, ಗಾಜಿನ ಪೆಟ್ಟಿಗೆಯೊಳಗೆ ಗಂಗರತ್ನಮ್ಮ ಹಸಿರು ಸೀರೆ ಉಟ್ಟು ಮಲಗಿದ್ದಳು. ಹನ್ನೊಂದು ವರ್ಷ ರೆಸಾರ್ಟಿನಲ್ಲಿ ತಮಗೆ ಹಾಸಿಗೆ ಹಾಸಿಕೊಟ್ಟ ಹೆಂಗಸು. ಬೆಳಿಗ್ಗೆ ಈ ವರ್ಷದ ರಜೆಯ ವಾರ ಬುಕ್ ಮಾಡಲು ಅಲ್ಲಿಗೆ ಫೋನ್ ಮಾಡಿದಾಗ, ಆಕೆ ನಿನ್ನೆ ತೀರಿಕೊಂಡಳೆಂದು ಗೊತ್ತಾಗಿತ್ತು. ಅಲ್ಲಿಂದ ನಾಗಮಣಿಯ ಎದೆಯಲ್ಲಿ ಒಂದೇ ಕುಟುಕು: ಕಳೆದ ವರ್ಷ ತಾನು ಬರೆದ ಆ ಫಾರಂ ಇವಳ ಕಣ್ಣಿಗೆ ಬಿತ್ತೋ ಏನೋ, ನೊಂದುಕೊಂಡೇ ಹೋದಳೋ ಏನೋ.

*

ಆ ರೆಸಾರ್ಟಿನ ಮೆಂಬರ್‌ಶಿಪ್ ತ್ರಿವಿಕ್ರಮನ ಘನಕಾರ್ಯ. ಪುಕ್ಕಟೆ ಊಟ, ಜೊತೆಗೊಂದು ಕುಕ್ಕರ್ ಎಂದು ಕರೆದವರ ಮಾತಿಗೆ ಮರುಳಾಗಿ ಇಪ್ಪತ್ತೈದು ವರ್ಷಕ್ಕೆ ಸಹಿ ಹಾಕಿ ಬಂದಿದ್ದ. ವರ್ಷಕ್ಕೊಂದು ವಾರ ಗೋವಾ, ಊಟಿ, ಮನಾಲಿ, ಎಲ್ಲಿಗೆ ಬೇಕಾದರೂ ಹೋಗಬಹುದಂತೆ. ಕೇಳಿದಾಗಲೆಲ್ಲ ಎಲ್ಲೂ ರೂಮಿಲ್ಲ. ಖಾಲಿ ಇರುತ್ತಿದ್ದುದು ರಾಜಾನುಕುಂಟೆಯ ಆಚೆ, ವಿದ್ಯಾರಣ್ಯಪುರದ ತಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದ ರೆಸಾರ್ಟು ಮಾತ್ರ. ಸರಿ, ಗಂಡ ಹೆಂಡತಿ ಪ್ರತಿ ಡಿಸೆಂಬರಿನಲ್ಲಿ ಸೂಟ್‌ಕೇಸ್ ತುಂಬಿಕೊಂಡು, ಹಾಲಿನವನಿಗೆ ಒಂದು ವಾರ ಬೇಡವೆಂದು ಹೇಳಿ, ಅಲ್ಲಿಗೇ ಹೋಗಿ ಬರುತ್ತಿದ್ದರು.

ಅವರ ಆರನೇ ನಂಬರ್ ಕಾಟೇಜನ್ನು ಗುಡಿಸಿ ಒರೆಸಲು ಗಂಗರತ್ನಮ್ಮನೇ ಬರುತ್ತಿದ್ದಳು. ನಾಗಮಣಿಗೆ ಮಂಡಿನೋವು ಎಂದು ಯಾರೂ ಹೇಳಿರಲಿಲ್ಲ. ಮೊದಲ ವರ್ಷವೇ ಅವಳು ಮೆಟ್ಟಿಲಿಳಿಯುವುದನ್ನು ನೋಡಿ, ಕಾಲ ಕೆಳಗೆ ಇಟ್ಟುಕೊಳ್ಳಲು ಇನ್ನೊಂದು ದಿಂಬು ತಂದಿಟ್ಟಿದ್ದಳು. ಆಮೇಲೆ ಪ್ರತಿ ವರ್ಷ ಆ ದಿಂಬು ತಪ್ಪಲಿಲ್ಲ. ಅಂಥವಳಿಗೆ ಏನಾದರೂ ಕೊಡಬೇಕು. ಆದರೆ ತನ್ನದೇ ವಯಸ್ಸಿನ ಹೆಂಗಸಿನ ಕೈಗೆ ನೋಟು ತುರುಕಲು ನಾಗಮಣಿಗೆ ಸಂಕೋಚ. ದೊಡ್ಡ ಹೋಟೆಲುಗಳಲ್ಲಿ ದಿಂಬಿನ ಕೆಳಗೆ ಇಟ್ಟು ಬರುತ್ತಾರೆ ಎಂದು ಅಣ್ಣನ ಮಗಳು ಹರಿಪ್ರಿಯಾ ಹೇಳಿಕೊಟ್ಟಿದ್ದಳು. ಹೊರಡುವ ದಿನ ಐನೂರರ ಎರಡು ನೋಟು ದಿಂಬಿನ ಕೆಳಗೆ ಸೇರುತ್ತಿದ್ದವು.

ಮುಂದಿನ ವರ್ಷ ಹೋದರೆ ಅದರ ಸುದ್ದಿಯೇ ಇಲ್ಲ. "ಚೆನ್ನಾಗಿದ್ದೀರಾ ಮೇಡಂ," ಎಂದು ನಕ್ಕು ಪೊರಕೆ ಹಿಡಿಯುತ್ತಿದ್ದಳು. ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಪಿನ್‌ಕೋಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡವಳು ನಾಗಮಣಿ. ಅವಳಿಗೆ ಮರೆವೆಂಬುದೇ ಇಲ್ಲ, ಕೊಟ್ಟದ್ದಂತೂ ಖಂಡಿತ ಮರೆಯುತ್ತಿರಲಿಲ್ಲ. ಹನ್ನೊಂದನೇ ವರ್ಷ ತಾಳ್ಮೆ ಕೆಟ್ಟು, ಹೊರಡುವಾಗ ಅಭಿಪ್ರಾಯ ಬರೆಯಲು ಕೊಟ್ಟ ಫಾರಂನಲ್ಲಿ ಬರೆದೇಬಿಟ್ಟಳು: "ರೂಮು ಶುಚಿ. ಗಂಗರತ್ನಮ್ಮನಿಗೆ ಮಾತ್ರ ಉಪಕಾರ ಸ್ಮರಣೆ ಇಲ್ಲ."

*

"ಇವ್ರೇ ಕಣೇ ರಮ್ಯ, ಆರನೇ ನಂಬರ್ ಕಾಟೇಜ್‌ನೋರು," ಎಂದಳು ಗೋಪಾಲಮ್ಮ. ರೆಸಾರ್ಟಿನಲ್ಲಿ ಗಂಗರತ್ನಮ್ಮನ ಜೊತೆಗೇ ರೂಮು ಗುಡಿಸುತ್ತಿದ್ದವಳು.

ಪೆಟ್ಟಿಗೆಯ ಪಕ್ಕ ಕೂತಿದ್ದ ಮಗಳು ರಮ್ಯ ಎದ್ದು ಬಂದು ನಾಗಮಣಿಯ ಎರಡೂ ಕೈ ಹಿಡಿದುಕೊಂಡಳು. "ಅಯ್ಯೋ, ಮರೆಗುಳಿ ಮೇಡಂ ಅಂದ್ರೆ ನೀವೇನಾ?"

"ಯಾರಮ್ಮ?"

"ತಪ್ ತಿಳ್ಕೋಬೇಡಿ. ಅಮ್ಮ ಮನೇಲಿ ಅಂಗೇ ಅನ್ನೋದು. ಪಾಪ, ವರ್ಷಾ ವರ್ಷಾ ದಿಂಬಿನ ಕೆಳ್ಗೆ ದುಡ್ಡು ಮರ್ತು ಓಗ್ತಾರೆ ಅಂತ."

"ನಾನು? ಮರೆತು?" ಎಂದಳು ನಾಗಮಣಿ.

"ನಾವೆಲ್ಲ ತಕ್ಕೋತಿದ್ವಿ ಮೇಡಂ, ಸುಳ್ ಯಾಕೆ ಯೇಳ್ಲಿ," ಎಂದಳು ಗೋಪಾಲಮ್ಮ. "ಇವ್ಳಿಗೆ ಮಾತ್ರ ಕೈಗೆ ಕೊಟ್ರೆ ಇನಾಮು, ದಿಂಬಿನ ಕೆಳ್ಗಿದ್ರೆ ಮರ್ತಿದ್ದು. ನಾವೂ ಮನೇಲಿ ದಿಂಬಿನ ಕೆಳ್ಗೇ ಅಲ್ವಾ ದುಡ್ಡು ಇಟ್ಕೊಳ್ಳೋದು ಅನ್ನೋಳು. ಕವರ್‌ಗೆ ಆಕಿ, ರೂಮ್ ನಂಬರ್ ಬರ್ಸಿ, ಆಫೀಸಿಗೆ ಕೊಟ್ಬಿಡೋಳು."

"ನಾನೊಂದು ಫಾರಂ ಬರೆದಿದ್ದೆ," ಎಂದಳು ನಾಗಮಣಿ. "ಅಮ್ಮ ಬೇಜಾರು ಮಾಡ್ಕೊಂಡ್ರಾ?"

"ಮ್ಯಾನೇಜರ್ ಓದಿ ಯೇಳಿದ್ರಂತೆ," ಎಂದಳು ರಮ್ಯ. "ಬೇಜಾರೆಲ್ಲಿ ಬಂತು ಮೇಡಂ. ಪಾಪ, ಯಾರನ್ನೋ ನೆನ್ಕೊಂಡು ನನ್ ಎಸ್ರು ಬರ್ದವ್ರೆ, ಮರೆವು ಜಾಸ್ತಿ ಆಗೈತೆ ಅಂದ್ರು ಅಮ್ಮ. ಮಾರನೇ ದಿನ್ವೇ ಪಟಾಲಮ್ಮನ ಗುಡೀಲಿ ನಿಮ್ ಎಸ್ರಲ್ಲಿ ಹರಕೆ ಕಟ್ಕೊಂಡು ಬಂದ್ರು."

ನಾಗಮಣಿ ಸೆರಗಿಗೆ ಮುಖ ಒತ್ತಿಕೊಂಡು ಅತ್ತಳು. ಅಷ್ಟರಲ್ಲಿ ಕಾರು ಎಲ್ಲೋ ನಿಲ್ಲಿಸಿ ಬಂದ ತ್ರಿವಿಕ್ರಮ ಬೆನ್ನ ಹಿಂದೆ ನಿಂತಿದ್ದ.

"ಒಂದ್ ಕೇಳ್ಲಾ ಮೇಡಂ?" ರಮ್ಯಳ ದನಿ ತಗ್ಗಿತು. "ಆ ದುಡ್ಡು ಆಫೀಸ್ನೋರು ನಿಮ್ಗೆ ತಲುಪಿಸ್ತಿದ್ರಾ? ಆಸ್ಪತ್ರೇಲಿ ಮಲ್ಗಿದ್ದಾಗ್ಲೂ ಅಮ್ಮಂಗೆ ಅದೇ ಯೋಚ್ನೆ. ತಲುಪ್ದೇ ಇದ್ರೆ ನಾನೇ ಕದ್ದಂಗಾಯ್ತಲ್ಲ ಅನ್ನೋರು."

ಆಫೀಸಿನಿಂದ ಎಂದೂ ಒಂದು ಫೋನಿಲ್ಲ, ಒಂದು ರೂಪಾಯಿಯಿಲ್ಲ. ತ್ರಿವಿಕ್ರಮ "ನಮಗ್ಯಾವತ್ತೂ" ಎಂದು ಶುರುಮಾಡಿದವನು ಹೆಂಡತಿ ತಿರುಗಿ ನೋಡಿದ್ದಕ್ಕೆ ಬಾಯಿ ಮುಚ್ಚಿದ. ಅದು ಮರೆತದ್ದಲ್ಲ, ನಿಮ್ಮಮ್ಮನಿಗೇ ಕೊಟ್ಟದ್ದು ಎಂಬ ಮಾತು ನಾಗಮಣಿಯ ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ತನ್ನ ಎದೆ ಹಗುರ. ಆಮೇಲೆ ಈ ಹುಡುಗಿ ಅದನ್ನು ಹೊತ್ತುಕೊಂಡು ಬದುಕಬೇಕು.

"ಪ್ರತಿ ಸಲವೂ ಬಂತು ಕಣಮ್ಮ," ಎಂದಳು. "ಒಂದು ರೂಪಾಯಿ ಕಮ್ಮಿ ಇಲ್ಲದ ಹಾಗೆ ಬಂತು. ನನಗೆ ಎಲ್ಲಿ ಇಟ್ಟೆ ಅಂತಲೇ ನೆನಪಿರ್ತಿರಲಿಲ್ಲ."

ರಮ್ಯ ಗಾಜಿನ ಪೆಟ್ಟಿಗೆಯ ಕಡೆ ಬಾಗಿ, "ಕೇಳುಸ್ತೇನಮ್ಮ?" ಎಂದಳು. ಬೆಳಿಗ್ಗೆಯಿಂದ ಬಿಗಿದುಕೊಂಡಿದ್ದ ಅವಳ ಮುಖ ಮೊದಲ ಸಲ ಸಡಿಲಾಯಿತು.

ರಮ್ಯಳ ಸೋದರಮಾವ ಊರಿಂದ ಬರುವವರೆಗೆ ಹೆಣ ಎತ್ತುವಂತಿರಲಿಲ್ಲ. ನಾಗಮಣಿ ಕೈಮುಗಿದು ಹೊರಟಾಗ ರಮ್ಯ ರಟ್ಟೆ ಹಿಡಿದು ಶಾಮಿಯಾನದ ಅಂಚಿನವರೆಗೆ ಕರೆತಂದಳು. ಅಲ್ಲಿ ಬಂದವರ ಐವತ್ತು ಅರವತ್ತು ಜೊತೆ ಚಪ್ಪಲಿ ಕಲಸಿಹೋಗಿ ಬಿದ್ದಿದ್ದವು.

"ನಿಮ್ದು ಯಾವ್ದು ಮೇಡಂ? ನೆನಪೈತಾ?"

ಕಂದು ಬಣ್ಣದ್ದು, ಎಡಗಾಲಿನ ಪಟ್ಟಿಗೆ ಹೊಲಿಗೆ ಹಾಕಿಸಿದ್ದು, ನೀರಿನ ಡ್ರಮ್ಮಿನ ಪಕ್ಕದಲ್ಲೇ ಇತ್ತು. ನಾಗಮಣಿ ಅದನ್ನು ನೋಡಿದಳು.

"ಇಲ್ಲ ಕಣಮ್ಮ, ನೆನಪಾಗ್ತಿಲ್ಲ."

"ಇರ್ಲಿ ಬಿಡಿ, ಉಡ್ಕೋಣ," ಎಂದು ರಮ್ಯ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಯಾರದೋ ಚಪ್ಪಲಿಯೊಂದನ್ನು ಎತ್ತಿ ತಂದು, ಅವಳ ಪಾದವನ್ನು ಅಂಗೈಯಲ್ಲಿ ಹಿಡಿದು ತೊಡಿಸಿ ನೋಡಿದಳು. ಆಗಲಿಲ್ಲ. ಇನ್ನೊಂದು ತಂದಳು.